ನಮ್ಮ ಹಳೆಯ ಸಂಸ್ಥಾನದ ಕ್ಲೋರೋಫಾರ್ಮ್ ಡಾಕ್ಟರ್: ಎಡ್ವರ್ಡ್ ಲಾವ್ರಿ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಬ್ಬ ಹಿರಿಯರ ಜೀವನ ಚರಿತ್ರೆ ಬರೆದುಕೊಡು ಎಂದು ನಮ್ಮ ವಿಜ್ಞಾನದ ಗುರುಗಳು ಫೋನಿನಲ್ಲಿ ಹೇಳಿದಾಗ ಹಿಂದೆ ಮುಂದೆ ನೋಡದೆ ಒಪ್ಪಿಕೊಂಡೆ. ಗಾಂಧೀಜಿ, ವಿಶ್ವೇಶ್ವರಯ್ಯ, ಅಬ್ದುಲ್ ಕಲಾಂ ಅವರ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಬಿ.ಇ. ಓದಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು. ಆದರೂ ನಾನು ಆರಿಸಿಕೊಂಡದ್ದು ಒಬ್ಬ ಡಾಕ್ಟರನ್ನು. ಅದಕ್ಕೆ ಎರಡು ಕಾರಣಗಳಿವೆ.

ಮೊದಲನೆಯದು ನಮ್ಮ ಶಾಲೆಯ ಪ್ರಯೋಗಾಲಯದ ಕಪಾಟು. ಅದರ ಮೇಲಿನ ಅಂಕಣದಲ್ಲಿ ಕಂದು ಬಣ್ಣದ ಒಂದು ಸೀಸೆ ಇರುತ್ತಿತ್ತು. ಜಿರಳೆಯ ಒಳಗಿನ ಅಂಗಗಳನ್ನು ತೋರಿಸುವ ದಿನ ಗುರುಗಳು ಕಿಟಕಿಗಳನ್ನೆಲ್ಲ ತೆರೆಸಿ, ಹತ್ತಿಯ ಉಂಡೆಗೆ ಆ ಸೀಸೆಯಿಂದ ನಾಲ್ಕು ಹನಿ ಹಾಕಿ, ಜಿರಳೆ ಇದ್ದ ಡಬ್ಬಿಯೊಳಗೆ ಇಡುತ್ತಿದ್ದರು. ಸಿಹಿ ಸಿಹಿ ವಾಸನೆ ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ಜಿರಳೆ ಸುಮ್ಮನಾಗುತ್ತಿತ್ತು. ಅದು ಕ್ಲೋರೋಫಾರ್ಮ್. ಅದನ್ನೇ ಒಂದು ಕಾಲದಲ್ಲಿ ಮನುಷ್ಯರಿಗೂ ಕೊಟ್ಟು ಆಪರೇಶನ್ ಮಾಡುತ್ತಿದ್ದರು ಎಂದು ಗುರುಗಳು ಹೇಳಿದಾಗ ಹಿಂದಿನ ಬೆಂಚಿನವರಾದ ನಾವು ನಂಬಿರಲಿಲ್ಲ.

ಎರಡನೆಯದು ನಮ್ಮ ಅಪ್ಪನ ಹರ್ನಿಯಾ ಆಪರೇಶನ್. ದೊಡ್ಡ ಊರಿನ ಒಂದು ಆಸ್ಪತ್ರೆಗೆ ಸೇರಿಸಿದ್ದೆವು. ರಾತ್ರಿಯಿಂದ ಏನೂ ತಿನ್ನಬಾರದು ಎಂದು ಹೇಳಿದ್ದರು. ಬೆಳಿಗ್ಗೆ ಅರಿವಳಿಕೆಯ ಡಾಕ್ಟರಮ್ಮ ಬಂದು, ಏನು ತಿಂದಿರಿ, ಯಾವ ಗುಳಿಗೆ ನುಂಗುತ್ತೀರಿ, ಯಾವ ಹಲ್ಲಾದರೂ ಅಲುಗಾಡುತ್ತದೆಯೇ, ಹಿಂದೆ ಆಪರೇಶನ್ ಆಗಿತ್ತೇ ಎಂದು ಒಂದೊಂದಾಗಿ ಕೇಳಿದರು. ಅಪ್ಪ ಎಲ್ಲದಕ್ಕೂ ಇಲ್ಲ ಎಂದ. ಅವರು ಹೊರಗೆ ಹೋಗುವಷ್ಟರಲ್ಲಿ ಅವ್ವ ತಡೆಯಲಾರದೆ ನಿಜ ಹೇಳಿಬಿಟ್ಟಳು. ನಸುಕಿನಲ್ಲಿ ಅಪ್ಪ ಚಹಾದಲ್ಲಿ ಅದ್ದಿಕೊಂಡು ಬಿಸ್ಕೀಟು ತಿಂದಿದ್ದ. ಬಿ.ಪಿ. ಗುಳಿಗೆಯ ಮಾತನ್ನೂ ಮುಚ್ಚಿಟ್ಟಿದ್ದ. ಆಪರೇಶನ್ ಮರುದಿನಕ್ಕೆ ಹೋಯಿತು. ನಾನು ಅಪ್ಪನ ಮೇಲೆ ಸಿಟ್ಟಾದೆ. ಡಾಕ್ಟರಮ್ಮ ಮಾತ್ರ ಸಿಟ್ಟಾಗಲಿಲ್ಲ. ಅಪ್ಪನ ಪಕ್ಕ ಕುಳಿತು, ಹೆದರಿಕೆಯಾಗಿದೆಯೇ ಎಂದು ಕೇಳಿದರು. ಎಪ್ಪತ್ತರ ಹತ್ತಿರದ, ರಂಟೆ ಹೊಡೆದು ಗಟ್ಟಿಯಾದ ಕೈಗಳ ನಮ್ಮ ಅಪ್ಪ ಹೌದು ಎಂದು ತಲೆಯಾಡಿಸಿದ್ದನ್ನು ನಾನು ಅಂದೇ ಮೊದಲು ನೋಡಿದ್ದು.

ಆ ಡಾಕ್ಟರಮ್ಮ ಅಷ್ಟೆಲ್ಲ ಕೇಳಿದ್ದು ಯಾಕೆ, ಹೆದರಿಕೆಯ ಬಗ್ಗೆ ಕೇಳಿದ್ದು ಯಾಕೆ ಎಂದು ತಿಳಿಯಲು ಓದುತ್ತ ಹೋದೆ. ಓದು ನನ್ನನ್ನು ಕರೆದೊಯ್ದದ್ದು ಲಂಡನ್ನಿಗಲ್ಲ, ಹೈದರಾಬಾದಿಗೆ. ಅಂದರೆ ನಮ್ಮ ಹಿರಿಯರ ರಾಜಧಾನಿಗೆ. 1948ರವರೆಗೆ ನಮ್ಮ ಭಾಗವೆಲ್ಲ ನಿಜಾಮರ ಸಂಸ್ಥಾನದಲ್ಲಿತ್ತು. ಕೊಪ್ಪಳ ಮತ್ತು ಯಲಬುರ್ಗಾ ಸಾಲಾರ್ ಜಂಗ್ ಮನೆತನದ ಜಹಗೀರು. ಗಂಗಾವತಿ ಮತ್ತು ಕುಷ್ಟಗಿ ಆಗಿನ ಲಿಂಗಸುಗೂರು ಜಿಲ್ಲೆಯ ತಾಲ್ಲೂಕುಗಳು. ಆ ರಾಜಧಾನಿಯಲ್ಲಿ ಕುಳಿತು ಅರಿವಳಿಕೆಯ ವಿಷಯದಲ್ಲಿ ಇಡೀ ಜಗತ್ತಿನೊಂದಿಗೆ ವಾದಕ್ಕೆ ನಿಂತ ಡಾಕ್ಟರ್ ಎಡ್ವರ್ಡ್ ಲಾವ್ರಿ. ಅವರು ಅರ್ಧ ಸರಿ ಇದ್ದರು, ಅರ್ಧ ತಪ್ಪಿದ್ದರು. ಎರಡರಿಂದಲೂ ನಮಗೆ ಕಲಿಯುವುದಿದೆ.

ಅವರ ಕಾಲದ ಸಮಸ್ಯೆ

1846ಕ್ಕಿಂತ ಮೊದಲು ಆಪರೇಶನ್ ಎಂದರೆ ನಾಲ್ಕು ಜನ ರೋಗಿಯನ್ನು ಒತ್ತಿ ಹಿಡಿಯುವುದು, ಡಾಕ್ಟರ್ ಆದಷ್ಟು ಬೇಗ ಕೊಯ್ದು ಮುಗಿಸುವುದು. ಆ ವರ್ಷ ಅಮೆರಿಕದ ಬೋಸ್ಟನ್ ನಗರದಲ್ಲಿ ಈಥರ್ ಮೂಸಿಸಿ ನೋವಿಲ್ಲದೆ ಆಪರೇಶನ್ ಮಾಡಿ ತೋರಿಸಿದರು. ಮರುವರ್ಷ, 1847ರ ನವೆಂಬರಿನಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದ ಜೇಮ್ಸ್ ಸಿಂಪ್ಸನ್ ಕ್ಲೋರೋಫಾರ್ಮ್ ಬಳಕೆಗೆ ತಂದರು. ಈಥರ್ ಬೆಂಕಿ ಹತ್ತುವ ವಸ್ತು, ಮೂಸಲು ಕಷ್ಟ, ನಿದ್ದೆ ಬರಲು ತಡ. ಕ್ಲೋರೋಫಾರ್ಮ್ ಹಾಗಲ್ಲ. ಬಟ್ಟೆಯ ಮೇಲೆ ಕೆಲವು ಹನಿ ಸಾಕು, ಬೇಗ ಮೈಮರೆವು. ನಮ್ಮಂಥ ಬಿಸಿಲ ನಾಡಿಗೆ ಅದೇ ಅನುಕೂಲ, ಏಕೆಂದರೆ ಈಥರ್ ಬಿಸಿಲಿಗೆ ಬೇಗ ಹಾರಿಹೋಗುತ್ತದೆ.

ಆದರೆ ಮೂರು ತಿಂಗಳು ತುಂಬುವುದರೊಳಗೆ, 1848ರ ಜನವರಿಯಲ್ಲಿ, ಇಂಗ್ಲೆಂಡಿನ ಹ್ಯಾನಾ ಗ್ರೀನರ್ ಎಂಬ 15 ವರ್ಷದ ಹುಡುಗಿ ಕಾಲ್ಬೆರಳಿನ ಉಗುರು ತೆಗೆಸಿಕೊಳ್ಳಲು ಕ್ಲೋರೋಫಾರ್ಮ್ ಮೂಸಿ, ಕೆಲವೇ ನಿಮಿಷಗಳಲ್ಲಿ ತೀರಿಕೊಂಡಳು. ಅವಳು ಮೊದಲೇ ಬಹಳ ಹೆದರಿದ್ದಳಂತೆ. ಅಲ್ಲಿಂದ ಮುಂದೆ ಇಂಥ ಸಾವುಗಳು ಅಲ್ಲಲ್ಲಿ ಆಗುತ್ತಲೇ ಬಂದವು. ಹೆಚ್ಚಾಗಿ ಸತ್ತವರು ಸಣ್ಣ ಆಪರೇಶನ್ನಿಗೆ ಬಂದ ಗಟ್ಟಿಮುಟ್ಟಾದ ಜನ. ಸತ್ತದ್ದು ಆಪರೇಶನ್ ಮಧ್ಯದಲ್ಲಲ್ಲ, ಮೂಸಲು ಶುರು ಮಾಡಿದಾಗಲೇ.

ಡಾಕ್ಟರುಗಳಲ್ಲಿ ಎರಡು ಪಕ್ಷಗಳಾದವು. ಕ್ಲೋರೋಫಾರ್ಮ್ ಹೃದಯವನ್ನು ನಿಲ್ಲಿಸುತ್ತದೆ, ಆದ್ದರಿಂದ ನಾಡಿ ಹಿಡಿದು ಕೂರಬೇಕು ಎಂಬುದು ಲಂಡನ್ನಿನವರ ಮಾತು. ಮೊದಲು ನಿಲ್ಲುವುದು ಉಸಿರು, ಹೃದಯವಲ್ಲ, ಆದ್ದರಿಂದ ಉಸಿರು ನೋಡಿದರೆ ಸಾಕು ಎಂಬುದು ಎಡಿನ್‌ಬರೋದವರ ಮಾತು. ಇದು ಬರಿಯ ಪಂಡಿತರ ಜಗಳ ಆಗಿರಲಿಲ್ಲ. ಮೇಜಿನ ಮೇಲೆ ಮಲಗಿದವನ ಯಾವ ಗುರುತನ್ನು ನೋಡುತ್ತಿರಬೇಕು ಎಂಬುದರ ಮೇಲೆ ಅವನ ಪ್ರಾಣ ನಿಂತಿತ್ತು.

ಎಡಿನ್‌ಬರೋದಿಂದ ಹೈದರಾಬಾದಿಗೆ

ಲಾವ್ರಿ ಹುಟ್ಟಿದ್ದು 1846ರಲ್ಲಿ, ಅರಿವಳಿಕೆ ಜಗತ್ತಿಗೆ ಗೊತ್ತಾದ ವರ್ಷದಲ್ಲೇ. ಎಡಿನ್‌ಬರೋದಲ್ಲಿ ವೈದ್ಯಕೀಯ ಓದಿದರು. ಅಲ್ಲಿ ಜೇಮ್ಸ್ ಸೈಮ್ ಎಂಬ ಹೆಸರುವಾಸಿ ಶಸ್ತ್ರವೈದ್ಯರ ಕೈಕೆಳಗೆ ಕೆಲಸ ಕಲಿತರು. ಗಾಯ ಕೀವಾಗದಂತೆ ತಡೆಯುವುದನ್ನು ಜಗತ್ತಿಗೆ ಕಲಿಸಿದ ಜೋಸೆಫ್ ಲಿಸ್ಟರ್ ಇದೇ ಸೈಮ್ ಅವರ ಅಳಿಯ. ಕ್ಲೋರೋಫಾರ್ಮ್ ಕೊಡುವಾಗ ಗಾಳಿ ಧಾರಾಳವಾಗಿ ಆಡಬೇಕು, ಕಣ್ಣು ಉಸಿರಿನ ಮೇಲೆಯೇ ಇರಬೇಕು, ನಾಡಿಯ ಗೊಡವೆ ಬೇಡ ಎಂಬುದು ಸೈಮ್ ಅವರ ಪಾಠ. ಲಾವ್ರಿ ಆ ಪಾಠವನ್ನು ಗುರುವಾಕ್ಯವೆಂದು ಹಿಡಿದರು. ಜೀವನಪೂರ್ತಿ ಬಿಡಲಿಲ್ಲ. ಅವರ ಬಲವೂ ಅದೇ, ದೌರ್ಬಲ್ಯವೂ ಅದೇ ಎಂದು ನನಗೆ ಅನಿಸುತ್ತದೆ.

ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿ ಭಾರತಕ್ಕೆ ಬಂದ ಅವರು ಲಾಹೋರಿನಲ್ಲಿ ಶಸ್ತ್ರಚಿಕಿತ್ಸೆಯ ಪ್ರಾಧ್ಯಾಪಕರಾಗಿದ್ದರು. 1885ರಲ್ಲಿ ಹೈದರಾಬಾದಿನ ಬ್ರಿಟಿಷ್ ರೆಸಿಡೆನ್ಸಿಯ ಸರ್ಜನ್ ಆಗಿ ಬಂದು, ಸುಮಾರು 16 ವರ್ಷ ಅಲ್ಲೇ ಇದ್ದರು. ಆಗ ಗದ್ದಿಗೆಯ ಮೇಲೆ ಇದ್ದವರು ಆರನೇ ನಿಜಾಮ ಮಹಬೂಬ್ ಅಲಿ ಖಾನ್. ಮೂಸಿ ನದಿಯ ದಂಡೆಯ ಅಫ್ಜಲ್‌ಗಂಜ್ ಆಸ್ಪತ್ರೆಯಲ್ಲಿ ಲಾವ್ರಿ ಆಪರೇಶನ್ ಮಾಡುತ್ತಿದ್ದರು. 1908ರ ಮೂಸಿ ಪ್ರವಾಹದಲ್ಲಿ ಆ ಆಸ್ಪತ್ರೆ ಹಾಳಾಯಿತು. ಇಂದು ನಮ್ಮ ಕಡೆಯ ಹಿರಿಯರಿಗೂ ಹೆಸರು ಗೊತ್ತಿರುವ ಉಸ್ಮಾನಿಯಾ ಆಸ್ಪತ್ರೆ ಅದರ ಉತ್ತರಾಧಿಕಾರಿ.

ಅಲ್ಲಿಯ ವೈದ್ಯಶಾಲೆಯ ಮುಖ್ಯಸ್ಥರಾಗಿಯೂ ಲಾವ್ರಿ ಕೆಲಸ ಮಾಡಿದರು. ಉರ್ದುವಿನಲ್ಲಿ ನಡೆಯುತ್ತಿದ್ದ ಪಾಠಗಳನ್ನು ಇಂಗ್ಲಿಷಿಗೆ ಬದಲಿಸಿದರು. ಇನ್ನೊಂದು ದೊಡ್ಡ ಕೆಲಸವೆಂದರೆ ಹೆಣ್ಣುಮಕ್ಕಳಿಗೆ ಶಾಲೆಯ ಬಾಗಿಲು ತೆರೆದದ್ದು. 1885ರಲ್ಲಿ ಸೇರಿದ ಐವರು ವಿದ್ಯಾರ್ಥಿನಿಯರಲ್ಲಿ ರೂಪಾಬಾಯಿ ಫರ್ದೂನ್‌ಜಿ ಎಂಬ ಪಾರ್ಸಿ ಹುಡುಗಿ ಒಬ್ಬಳು. 1889ರಲ್ಲಿ ಓದು ಮುಗಿಸಿದ ರೂಪಾಬಾಯಿ ಕ್ಲೋರೋಫಾರ್ಮ್ ಕೊಡುವುದನ್ನೇ ತಮ್ಮ ವೃತ್ತಿ ಮಾಡಿಕೊಂಡರು. ಅರಿವಳಿಕೆ ಎಂಬುದು ಬೇರೆಯೇ ಒಂದು ವಿದ್ಯೆ ಎಂದು ಬಹಳ ದೇಶಗಳಲ್ಲಿ ಒಪ್ಪದಿದ್ದ ಕಾಲ ಅದು. ಕೆಲಸದ ಮಧ್ಯದಲ್ಲೇ 1909ರಲ್ಲಿ, ಅನಿಬೆಸೆಂಟರ ಪ್ರೋತ್ಸಾಹದಿಂದ ಎಡಿನ್‌ಬರೋಗೆ ಹೋಗಿ ಭೌತಶಾಸ್ತ್ರ, ರಸಾಯನಶಾಸ್ತ್ರ ಓದಿ ಬಂದರು. ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ತಜ್ಞೆ ಎಂದು ಇಂದು ಅನೇಕರು ಅವರನ್ನು ಗುರುತಿಸುತ್ತಾರೆ. ನಮ್ಮ ಶಾಲೆಯಲ್ಲಿ ಈಗ ಓದುತ್ತಿರುವ ತಂಗಿಯರು ಈ ಹೆಸರನ್ನು ನೆನಪಿನಲ್ಲಿಡಬೇಕು. ಅವರೂ ನಮ್ಮ ಹಳೆಯ ಸಂಸ್ಥಾನದವರೇ.

ಹೈದರಾಬಾದ್ ಕ್ಲೋರೋಫಾರ್ಮ್ ಕಮಿಷನ್

ಸಾವಿರಾರು ಜನರಿಗೆ ಕ್ಲೋರೋಫಾರ್ಮ್ ಕೊಟ್ಟರೂ ತಮ್ಮ ಕೈಯಲ್ಲಿ ಸಾವಾಗಿಲ್ಲ, ಉಸಿರು ನೋಡುವ ಕ್ರಮವೇ ಅದಕ್ಕೆ ಕಾರಣ ಎಂಬುದು ಲಾವ್ರಿಯವರ ವಾದ. ಬರೀ ಬಾಯಿಮಾತು ಸಾಲದು ಎಂದು ಅವರು ನಿಜಾಮರ ಸಹಾಯದಿಂದ 1888ರಲ್ಲಿ ಒಂದು ಕಮಿಷನ್ ಮಾಡಿಸಿದರು. ನೂರಕ್ಕೂ ಹೆಚ್ಚು ನಾಯಿಗಳಿಗೆ ಕ್ಲೋರೋಫಾರ್ಮ್ ಕೊಟ್ಟು ನೋಡಲಾಯಿತು. ಮೊದಲು ಉಸಿರು ನಿಲ್ಲುತ್ತದೆ, ಹೃದಯ ಆಮೇಲೂ ಬಡಿಯುತ್ತಿರುತ್ತದೆ ಎಂದು ಕಮಿಷನ್ ತೀರ್ಮಾನಿಸಿತು.

ಲಂಡನ್ನಿನ ಪ್ರಸಿದ್ಧ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್ ಇದನ್ನು ಒಪ್ಪಲಿಲ್ಲ. ಆಗ ಲಾವ್ರಿ ಮತ್ತು ನಿಜಾಮರು ಮಾಡಿದ ಕೆಲಸ ಇಂದಿಗೂ ಮೆಚ್ಚುವಂಥದ್ದು. ನಂಬದಿದ್ದರೆ ನಿಮ್ಮವರನ್ನೇ ಕಳಿಸಿ, ನಿಮ್ಮ ಕಣ್ಣೆದುರೇ ಮಾಡಿ ತೋರಿಸುತ್ತೇವೆ ಎಂದರು. ಪ್ರಯಾಣದ ಖರ್ಚಿಗೆ ನಿಜಾಮರು 1,000 ಪೌಂಡು ಕೊಟ್ಟರು. ಲ್ಯಾನ್ಸೆಟ್ ಪರವಾಗಿ ಹಡಗು ಹತ್ತಿ ಬಂದವರು ಲಾಡರ್ ಬ್ರಂಟನ್. ಎದೆನೋವಿಗೆ ಅಮೈಲ್ ನೈಟ್ರೈಟ್ ಎಂಬ ಔಷಧಿಯನ್ನು 1867ರಲ್ಲಿ ಬಳಕೆಗೆ ತಂದ, ಔಷಧ ವಿಜ್ಞಾನದ ದೊಡ್ಡ ಪಠ್ಯಪುಸ್ತಕ ಬರೆದ ಮನುಷ್ಯ ಅವರು. ಕ್ಲೋರೋಫಾರ್ಮಿನಿಂದ ಹೃದಯ ನಿಲ್ಲಬಲ್ಲದು ಎಂದೇ ನಂಬಿದ್ದವರು.

1889ರ ಕೊನೆಯ ತಿಂಗಳುಗಳಲ್ಲಿ ಎರಡನೇ ಕಮಿಷನ್ ನಡೆಯಿತು. ನಾಯಿ, ಕೋತಿ ಮೊದಲಾಗಿ ನಾನೂರಕ್ಕೂ ಹೆಚ್ಚು ಪ್ರಾಣಿಗಳ ಮೇಲೆ ಪ್ರಯೋಗಗಳಾದವು. ಇಂದು ಅದನ್ನು ಓದಿದರೆ ಮನಸ್ಸಿಗೆ ಕಸಿವಿಸಿಯಾಗುತ್ತದೆ. ಹಲವು ಪ್ರಯೋಗಗಳಲ್ಲಿ ರಕ್ತದ ಒತ್ತಡವನ್ನು, ಉಸಿರಾಟವನ್ನು ಉಪಕರಣಗಳಿಂದ ದಾಖಲಿಸಿದರು. ಮತ್ತೆ ಅದೇ ಫಲಿತಾಂಶ: ಉಸಿರು ಮೊದಲು, ಹೃದಯ ಆಮೇಲೆ. ಬ್ರಂಟನ್ ತಮ್ಮ ಅಭಿಪ್ರಾಯ ಬದಲಿಸಿಕೊಂಡರು. 1890ರಲ್ಲಿ ಲ್ಯಾನ್ಸೆಟ್ ಪತ್ರಿಕೆಯೇ ವರದಿಯನ್ನು ಪ್ರಕಟಿಸಿತು. ಹೈದರಾಬಾದಿನ ಹೆಸರು ಜಗತ್ತಿನ ವೈದ್ಯಲೋಕದಲ್ಲೆಲ್ಲ ಕೇಳಿಬಂತು. ಲಾವ್ರಿ ಗೆದ್ದರು.

ಗೆದ್ದ ಮೇಲೆ

ಆದರೆ ಸಾವುಗಳು ನಿಲ್ಲಲಿಲ್ಲ. ಕೇಂಬ್ರಿಜ್‌ನ ಗ್ಯಾಸ್ಕೆಲ್ ಮತ್ತು ಶೋರ್ ಎಂಬ ವಿಜ್ಞಾನಿಗಳು 1893ರಲ್ಲಿ, ಕ್ಲೋರೋಫಾರ್ಮ್ ಹೃದಯವನ್ನು ನೇರವಾಗಿಯೇ ದುರ್ಬಲ ಮಾಡುತ್ತದೆ ಎಂದು ತೋರಿಸಿದರು. ಲಾವ್ರಿ ಒಪ್ಪಲಿಲ್ಲ. ಬೇರೆಯವರ ಆಸ್ಪತ್ರೆಯಲ್ಲಿ ಸಾವಾದರೆ ಕೊಟ್ಟ ಕ್ರಮ ಸರಿಯಿಲ್ಲ ಎಂದೇ ಅವರು ಹೇಳುತ್ತಿದ್ದರು. ಅದೇ ದಶಕದಲ್ಲಿ ಮಲೇರಿಯಾದ ಪರೋಪಜೀವಿ ರಕ್ತದಲ್ಲಿ ಇರುವುದನ್ನೂ ಅವರು ಒಪ್ಪಲಿಲ್ಲ. ಅವರದೇ ಹೈದರಾಬಾದಿನ ಪಕ್ಕದ ಸಿಕಂದರಾಬಾದಿನಲ್ಲಿ 1897ರ ಆಗಸ್ಟ್ 20ರಂದು ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಆ ಜೀವಿಯನ್ನು ಕಂಡರು. ಒಮ್ಮೆ ಜಗತ್ತಿನ ಎದುರು ಗೆದ್ದವರಿಗೆ ಎರಡನೇ ಸಲ ಕೇಳಿಸಿಕೊಳ್ಳುವುದು ಕಷ್ಟವೇನೋ.

1901ರಲ್ಲಿ ಲಾವ್ರಿ ಹೈದರಾಬಾದ್ ಬಿಟ್ಟರು. ಅದೇ ವರ್ಷ ಕ್ಲೋರೋಫಾರ್ಮ್ ಬಗ್ಗೆ ವಿದ್ಯಾರ್ಥಿಗಳಿಗಾಗಿ ಅವರು ಬರೆದ ಕೈಪಿಡಿ ಹೊರಬಂತು. ಅದರಲ್ಲೂ ಅದೇ ಪಾಠ. 1915ರಲ್ಲಿ ತೀರಿಕೊಂಡರು.

ಅವರು ಬದುಕಿದ್ದಾಗಲೇ, 1911ರಲ್ಲಿ, ಗುಡ್‌ಮನ್ ಲೆವಿ ಎಂಬ ಇಂಗ್ಲೆಂಡಿನ ಡಾಕ್ಟರ್ ಬೆಕ್ಕುಗಳ ಮೇಲೆ ಪ್ರಯೋಗ ಮಾಡಿ ಒಗಟು ಬಿಡಿಸಿದರು. ಕ್ಲೋರೋಫಾರ್ಮನ್ನು ಪೂರ್ತಿ ಕೊಟ್ಟಾಗ ಅಲ್ಲ, ಅರ್ಧಂಬರ್ಧ ಕೊಟ್ಟಾಗ ಹೃದಯಕ್ಕೆ ಅಪಾಯ ಹೆಚ್ಚು. ಆ ಹೊತ್ತಿಗೆ ದೇಹದಲ್ಲಿ ಅಡ್ರಿನಲಿನ್ ಏರಿದರೆ ಹೃದಯ ಬಡಿಯುವುದನ್ನು ಬಿಟ್ಟು ಬರಿದೇ ನಡುಗತೊಡಗುತ್ತದೆ. ರಕ್ತ ಹರಿಯುವುದಿಲ್ಲ. ಸಾವು ಕ್ಷಣದಲ್ಲಿ. ಅಡ್ರಿನಲಿನ್ ಯಾವಾಗ ಏರುತ್ತದೆ? ಹೆದರಿದಾಗ. ನೋವಾದಾಗ. ಬಿಡಿಸಿಕೊಳ್ಳಲು ಒದ್ದಾಡಿದಾಗ. ಉಗುರು ತೆಗೆಸಿಕೊಳ್ಳಲು ಬಂದ ಹುಡುಗಿ ಸತ್ತದ್ದು ಯಾಕೆ ಎಂಬುದಕ್ಕೆ 63 ವರ್ಷಗಳ ನಂತರ ಇದು ನಂಬುವಂಥ ಉತ್ತರ.

ಹಾಗಾದರೆ ಹೈದರಾಬಾದಿನ ನೂರಾರು ಪ್ರಯೋಗಗಳಲ್ಲಿ ಇದು ಕಾಣಲಿಲ್ಲ ಯಾಕೆ? ಅಲ್ಲಿ ಹೆಚ್ಚಾಗಿ ಉಸಿರು ನಿಲ್ಲುವವರೆಗೂ ಕ್ಲೋರೋಫಾರ್ಮ್ ಕೊಡುತ್ತಿದ್ದರು. ಅಷ್ಟು ಆಳಕ್ಕೆ ಹೋದ ಮೇಲೆ ನಿಜವಾಗಿಯೂ ಉಸಿರೇ ಮೊದಲು ನಿಲ್ಲುತ್ತದೆ. ಅವರು ಕಂಡದ್ದು ಸುಳ್ಳಲ್ಲ. ಆದರೆ ಮನುಷ್ಯರು ಸಾಯುತ್ತಿದ್ದದ್ದು ಆ ಆಳದಲ್ಲಲ್ಲ, ಬಾಗಿಲ ಹೊಸ್ತಿಲಲ್ಲಿ. ನನ್ನ ಕೆಲಸದಲ್ಲಿ ಇದನ್ನು ದಿನವೂ ಕಾಣುತ್ತೇವೆ. ಒಂದು ಸಾಫ್ಟ್‌ವೇರನ್ನು ಒಂದೇ ರೀತಿ ಸಾವಿರ ಸಲ ಪರೀಕ್ಷೆ ಮಾಡಿ ಎಲ್ಲ ಸರಿ ಇದೆ ಎಂದು ಬೀಗುತ್ತೇವೆ. ಬಳಸುವವನು ಗಾಬರಿಯಿಂದ ನಡುವೆಯೇ ಬೇರೆ ಗುಂಡಿ ಒತ್ತಿದಾಗ ಅದು ಕುಸಿಯುತ್ತದೆ. ಎಷ್ಟು ಸಲ ಪರೀಕ್ಷೆ ಮಾಡಿದೆವು ಎನ್ನುವುದಕ್ಕಿಂತ ಯಾವ ಸ್ಥಿತಿಯಲ್ಲಿ ಮಾಡಿದೆವು ಎನ್ನುವುದು ದೊಡ್ಡದು. ಲಾವ್ರಿಯವರ ಎಣಿಕೆಯಲ್ಲಿ ಹೆದರಿಕೆ ಎಂಬ ಒಂದು ಅಂಶ ಬಿಟ್ಟುಹೋಗಿತ್ತು.

ಹೆದರಿಕೆಗೂ ಒಂದು ಔಷಧಿ

ಆಪರೇಶನ್ ಮುಂಚೆ ಕೊಡುವ ಗುಳಿಗೆ, ಸೂಜಿಗಳ ಅರ್ಥ ನನಗೆ ಆಗಿದ್ದು ಇಲ್ಲಿ. ಹಿಂದೆ ಮಾರ್ಫಿನ್ ಮತ್ತು ಅಟ್ರೋಪಿನ್ ಕೊಡುತ್ತಿದ್ದರು. ಮಾರ್ಫಿನ್ ನೋವನ್ನೂ ಗಾಬರಿಯನ್ನೂ ತಗ್ಗಿಸುತ್ತದೆ. ಅಟ್ರೋಪಿನ್ ಬಾಯಿಯ ಜೊಲ್ಲನ್ನು ಒಣಗಿಸಿ ಉಸಿರಿನ ದಾರಿ ಸ್ವಚ್ಛವಾಗಿಡುತ್ತದೆ, ಹೃದಯದ ಬಡಿತ ತೀರ ನಿಧಾನವಾಗದಂತೆ ಕಾಯುತ್ತದೆ. ಈಗ ಅಟ್ರೋಪಿನ್ ಜಾಗಕ್ಕೆ ಹೆಚ್ಚಾಗಿ ಗ್ಲೈಕೊಪೈರೋಲೇಟ್ ಬಂದಿದೆ. ಗಾಬರಿ ಇಳಿಸಲು ಹಿಂದಿನ ರಾತ್ರಿ ಒಂದು ಸಣ್ಣ ಗುಳಿಗೆ, ಮೇಜಿನ ಮೇಲೆ ಮಿಡಜೋಲಾಮ್ ಎಂಬ ಸೂಜಿ ಕೊಡುವುದುಂಟು. ವಾಂತಿ ತಡೆಯಲು, ಹೊಟ್ಟೆಯ ಹುಳಿ ಇಳಿಸಲು ಬೇರೆ ಔಷಧಿಗಳಿವೆ. ಎಲ್ಲರಿಗೂ ಎಲ್ಲವೂ ಬೇಕಿಲ್ಲ. ಯಾರಿಗೆ ಯಾವುದು, ಎಷ್ಟು ಎಂದು ಆ ಡಾಕ್ಟರೇ ಅಳೆಯುತ್ತಾರೆ. ಡಾಕ್ಟರಮ್ಮ ಅಪ್ಪನ ಪಕ್ಕ ಕುಳಿತು ಹೆದರಿಕೆಯನ್ನು ಕೇಳಿದ್ದೂ ಈ ಚಿಕಿತ್ಸೆಯ ಒಂದು ಭಾಗವೇ.

ಇನ್ನೊಂದು ದಾರಿ ಎಂದರೆ ಇಡೀ ಮನುಷ್ಯನನ್ನು ಮಲಗಿಸದೆ, ಕೊಯ್ಯುವ ಜಾಗವನ್ನಷ್ಟೇ ಮರಗಟ್ಟಿಸುವುದು. ಅದು ಶುರುವಾದದ್ದೂ ಲಾವ್ರಿಯವರ ಕಾಲದಲ್ಲೇ. 1884ರಲ್ಲಿ ವಿಯೆನ್ನಾದ ಕಾರ್ಲ್ ಕೊಲ್ಲರ್ ಎಂಬ ಯುವ ವೈದ್ಯ ಕೊಕೇನ್ ಹನಿಗಳಿಂದ ಕಣ್ಣನ್ನು ಮರಗಟ್ಟಿಸಬಹುದು ಎಂದು ತೋರಿಸಿದರು. ಕೊಕೇನ್ ಚಟ ಹಿಡಿಸುವ, ಹೆಚ್ಚಾದರೆ ವಿಷವಾಗುವ ವಸ್ತು. 1905ರಲ್ಲಿ ಅದಕ್ಕಿಂತ ಸುರಕ್ಷಿತವಾದ ನೊವೊಕೇನ್ ಬಂತು. 1943ರಲ್ಲಿ ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ ಲಿಡೊಕೇನ್ ತಯಾರಿಸಿದರು. ಅದು ಮಾರುಕಟ್ಟೆಗೆ ಬಂದದ್ದು 1948ರಲ್ಲಿ, ನಮ್ಮ ಭಾಗ ನಿಜಾಮರ ಆಡಳಿತದಿಂದ ಬಿಡುಗಡೆಯಾದ ವರ್ಷ. ಹಲ್ಲು ಕೀಳುವಾಗ, ಹೊಲಿಗೆ ಹಾಕುವಾಗ ನಮಗೆಲ್ಲ ಚುಚ್ಚುವ ಜೈಲೊಕೇನ್ ಇದೇ.

ಇದು ಕೆಲಸ ಮಾಡುವ ಬಗೆಯನ್ನು ಗಂಗಾವತಿ ಕಡೆಯ ಗೆಳೆಯರಿಗೆ ಕಾಲುವೆಯ ಉದಾಹರಣೆಯಿಂದ ಹೇಳುತ್ತೇನೆ. ಎಡದಂಡೆ ಕಾಲುವೆಯ ನೀರು ಮೇಲಿನ ಗದ್ದೆಯಿಂದ ಕೆಳಗಿನ ಗದ್ದೆಗೆ ಮಡೆ ದಾಟಿ ದಾಟಿ ಹೋಗುತ್ತದಲ್ಲ, ನೋವಿನ ಸುದ್ದಿಯೂ ನರದಲ್ಲಿ ಹಾಗೆಯೇ ಸಾಗುತ್ತದೆ. ನರದ ಗೋಡೆಯಲ್ಲಿ ಅತಿ ಸಣ್ಣ ಬಾಗಿಲುಗಳಿವೆ. ಒಂದು ತೆರೆದು ಸೋಡಿಯಂ ಒಳಗೆ ನುಗ್ಗಿದರೆ ಪಕ್ಕದ್ದು ತೆರೆಯುತ್ತದೆ. ಲಿಡೊಕೇನ್ ನರದೊಳಗೆ ಹೋಗಿ ಆ ಬಾಗಿಲುಗಳನ್ನು ಒಳಗಿನಿಂದ ಮುಚ್ಚುತ್ತದೆ. ಗಾಯ ಅಲ್ಲೇ ಇರುತ್ತದೆ, ಸುದ್ದಿ ಮಾತ್ರ ಮೆದುಳಿಗೆ ಮುಟ್ಟುವುದಿಲ್ಲ. ಔಷಧಿಯನ್ನು ರಕ್ತ ಕೊಚ್ಚಿಕೊಂಡು ಹೋದ ಮೇಲೆ ಬಾಗಿಲು ತೆರೆಯುತ್ತವೆ, ನೋವು ಮರಳುತ್ತದೆ. ಬೇಗ ಕೊಚ್ಚಿಹೋಗದಂತೆ ಅದರ ಜೊತೆ ತುಸು ಅಡ್ರಿನಲಿನ್ ಬೆರೆಸುವುದುಂಟು. ಅದು ಅಲ್ಲಿಯ ರಕ್ತನಾಳಗಳನ್ನು ಕಿರಿದು ಮಾಡುತ್ತದೆ. ಕ್ಲೋರೋಫಾರ್ಮಿನ ಜೊತೆ ಕೊಲೆಗಾರನಾದ ಅಡ್ರಿನಲಿನ್ ಇಲ್ಲಿ, ಅಳತೆಯಲ್ಲಿದ್ದರೆ, ಸಹಾಯಕ. ಕೀವು ತುಂಬಿದ ಹಲ್ಲಿಗೆ ಈ ಸೂಜಿ ಸರಿಯಾಗಿ ಹಿಡಿಯುವುದಿಲ್ಲ, ಏಕೆಂದರೆ ಕೀವಿನ ಆಮ್ಲ ಔಷಧಿಯನ್ನು ನರದೊಳಗೆ ಹೋಗಗೊಡುವುದಿಲ್ಲ. ಮೊದಲು ಗುಳಿಗೆ ಕೊಟ್ಟು ಆಮೇಲೆ ಬನ್ನಿ ಎಂದು ಹಲ್ಲಿನ ಡಾಕ್ಟರ್ ಹೇಳಿದರೆ ಸತಾಯಿಸುತ್ತಿದ್ದಾರೆ ಎಂದು ತಿಳಿಯಬೇಡಿ.

ಮರಗಟ್ಟಿಸುವ ಔಷಧಿ ಹೆಚ್ಚಾದರೆ ಫಿಟ್ಸ್ ಬರಬಹುದು, ಹೃದಯವೂ ನಿಲ್ಲಬಹುದು. ಅದಕ್ಕೇ ಪ್ರಮಾಣವನ್ನು ದೇಹದ ತೂಕ ನೋಡಿ ಲೆಕ್ಕ ಹಾಕುತ್ತಾರೆ. ಇದೇ ಲಿಡೊಕೇನನ್ನು ರಕ್ತನಾಳಕ್ಕೆ ಅಳೆದು ಕೊಟ್ಟು, ತಾಳ ತಪ್ಪಿದ ಹೃದಯವನ್ನು ಸರಿದಾರಿಗೆ ತರುವುದೂ ಉಂಟು. ಒಂದೇ ವಸ್ತು, ಅಳತೆಯ ಮೇಲೆ ಅದರ ಗುಣ.

ನಮ್ಮ ಊರಿನವರಿಗೆ ನಾಲ್ಕು ಮಾತು

ಅಪ್ಪನಿಗೆ ಕೊನೆಗೆ ಬೆನ್ನಿಗೆ ಸೂಜಿ ಕೊಟ್ಟು, ಸೊಂಟದ ಕೆಳಗೆ ಮರಗಟ್ಟಿಸಿ ಆಪರೇಶನ್ ಮಾಡಿದರು. ಆ ಕ್ರಮವನ್ನು 1898ರಲ್ಲಿ ಜರ್ಮನಿಯ ಆಗಸ್ಟ್ ಬಿಯರ್ ಆರಂಭಿಸಿದರು. ಅಪ್ಪ ಎಚ್ಚರವಾಗಿಯೇ ಇದ್ದು, ನರ್ಸಮ್ಮನ ಜೊತೆ ಮಳೆ ಬೆಳೆಯ ಮಾತಾಡಿದನಂತೆ.

ಎಚ್ಚರವಾಗಿಯೇ ಇರುವವರಿಗೆ ಉಪವಾಸ ಯಾಕೆ ಎಂದು ನಾನು ಕೇಳಿದ್ದೆ. ಬೆನ್ನಿನ ಸೂಜಿ ಸಾಲದೆ ಹೋದರೆ ಪೂರ್ತಿ ಮಲಗಿಸಬೇಕಾಗಬಹುದು. ಮೈಮರೆತವನಿಗೆ ವಾಂತಿಯಾದರೆ ತಿಂದದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ, ಅದು ಪ್ರಾಣಕ್ಕೇ ಅಪಾಯ. ಸಾಮಾನ್ಯವಾಗಿ ಊಟ ತಿಂಡಿಗೆ ಕನಿಷ್ಠ 6 ಗಂಟೆ, ಬರಿಯ ನೀರಿಗೆ 2 ಗಂಟೆ ಅಂತರ ಇರಬೇಕು. ಹಾಲು ಹಾಕಿದ ಚಹಾ ನೀರಿನ ಲೆಕ್ಕಕ್ಕೆ ಬರುವುದಿಲ್ಲ. ನಿಮ್ಮ ಡಾಕ್ಟರ್ ಹೇಳಿದ ಹೊತ್ತೇ ಕೊನೆಯದು. ಆದ್ದರಿಂದ ಹಿರಿಯರಲ್ಲಿ ನನ್ನ ಬೇಡಿಕೆ ಇಷ್ಟು. ಏನು ತಿಂದಿರಿ ಎಂದರೆ ತಿಂದದ್ದನ್ನು ಹೇಳಿ. ಬಿ.ಪಿ., ಸಕ್ಕರೆ ಕಾಯಿಲೆ, ರಕ್ತ ತೆಳುವಾಗಿಸುವ ಗುಳಿಗೆ, ನಾಟಿ ಔಷಧಿ, ತಂಬಾಕು, ಕುಡಿತ ಯಾವುದಿದ್ದರೂ ಹೇಳಿ. ಹಿಂದೆ ಯಾವುದಾದರೂ ಸೂಜಿ ಒಗ್ಗದಿದ್ದರೆ ಹೇಳಿ. ಹೆದರಿಕೆಯಾಗಿದ್ದರೆ ಅದನ್ನೂ ಹೇಳಿ. ಅದು ನಾಚಿಕೆಯ ವಿಷಯವಲ್ಲ. ಹೆದರಿಕೆ ಹೃದಯಕ್ಕೆ ಏನು ಮಾಡಬಲ್ಲದು ಎಂದು ತಿಳಿಯಲು ಜಗತ್ತಿಗೆ ಅರವತ್ತು ವರ್ಷ ಹಿಡಿಯಿತು.

ಇಂದು ಆಪರೇಶನ್ ಕೋಣೆಯಲ್ಲಿ ಅರಿವಳಿಕೆಯ ಡಾಕ್ಟರ್ ಉಸಿರನ್ನೂ ನೋಡುತ್ತಾರೆ, ಎದೆಬಡಿತವನ್ನೂ ನೋಡುತ್ತಾರೆ, ಬೆರಳಿಗೆ ಕ್ಲಿಪ್ ಹಾಕಿ ರಕ್ತದ ಆಮ್ಲಜನಕವನ್ನೂ ನೋಡುತ್ತಾರೆ. ಎಡಿನ್‌ಬರೋ, ಲಂಡನ್ ಎಂಬ ಎರಡು ಪಕ್ಷಗಳು ಒಂದೇ ಪರದೆಯ ಮೇಲೆ ಕೂಡಿಕೊಂಡಿವೆ. ಉಸಿರಿನ ಮೇಲಿನ ಕಣ್ಣು ತೆಗೆಯಬೇಡಿ ಎಂಬ ಲಾವ್ರಿಯವರ ಅರ್ಧ ಸತ್ಯ ಅದರಲ್ಲಿ ಇಂದಿಗೂ ಉಳಿದಿದೆ. ಅವರ ತಪ್ಪಿನಿಂದ ಬಂದ ಎಚ್ಚರವೂ ಉಳಿದಿದೆ. ಕ್ಲೋರೋಫಾರ್ಮ್ ಮಾತ್ರ ಆಪರೇಶನ್ ಕೋಣೆಯಿಂದ ಹೊರಬಿದ್ದು, ನಮ್ಮ ಶಾಲೆಯ ಕಪಾಟಿನಂಥ ಕಪಾಟುಗಳಿಗೆ ಬಂದು ಸೇರಿತು.

ಸಂಶಯ ಬಂದವರನ್ನು ಕರೆಸಿ, ಖರ್ಚು ಕೊಟ್ಟು, ಕಣ್ಣೆದುರೇ ಮಾಡಿ ತೋರಿಸಿದ ಲಾವ್ರಿಯವರ ಧೈರ್ಯ ನಮ್ಮ ವಿದ್ಯಾರ್ಥಿಗಳಿಗೆ ಬರಲಿ. ಗೆದ್ದ ಮೇಲೂ ಇನ್ನೊಬ್ಬರ ಮಾತು ಕೇಳುವ ಗುಣವೂ ಅದರ ಜೊತೆಗೆ ಬರಲಿ. ನಮ್ಮ ತಪ್ಪು ಉತ್ತರಗಳನ್ನು ಬೋರ್ಡಿನ ಮೇಲೆ ಬರೆಸಿ, ಯಾಕೆ ತಪ್ಪು ಎಂದು ನಮ್ಮಿಂದಲೇ ಹೇಳಿಸುತ್ತಿದ್ದ ಗುರುಗಳು ಕಲಿಸಿದ್ದು ಇದನ್ನೇ. ಕಿಟಕಿ ತೆರೆಸಿ ಆ ಕಂದು ಸೀಸೆಯ ಮುಚ್ಚಳ ತೆಗೆದ ಅವರಿಗೆ, ಐವತ್ತು ತುಂಬಿದ ನಮ್ಮ ಶಾಲೆಗೆ, ನನ್ನ ನಮಸ್ಕಾರಗಳು.